ನಲ್ ರಾಯರು

ಬೆಂಗಳೂರಿನ ಯಾವ ಸಾಫ್ಟ್‌ವೇರ್ ಆಫೀಸಿಗೆ ಬೇಕಾದರೂ ಹೋಗಿ, ಸರ್ವರ್ ನೋಡಿಕೊಳ್ಳುವವರ ಸಾಲಿನಲ್ಲಿ ಒಬ್ಬರು ನಲ್ ರಾಯರು ಕೂತಿರುತ್ತಾರೆ. ಯುನಿಕ್ಸ್‌ನಲ್ಲಿ ಏನನ್ನೇ ಹುಡುಕಲಿ, ಕಮಾಂಡಿನ ಕೊನೆಗೆ ಅವರದೊಂದು ಬಾಲ ಇದ್ದೇ ಇರುತ್ತದೆ: 2, ಗ್ರೇಟರ್ ದ್ಯಾನ್, ಸ್ಲ್ಯಾಶ್ ಡೆವ್ ಸ್ಲ್ಯಾಶ್ ನಲ್. ಅಂದರೆ, ಸಿಕ್ಕಿದ್ದು 1ನೇ ದಾರಿಯಲ್ಲಿ ನನಗೆ ಬರಲಿ. 2ನೇ ದಾರಿಯಲ್ಲಿ ಬರುವ ಗೊಣಗಾಟವೆಲ್ಲ ಆ ತಳವಿಲ್ಲದ ಹುಂಡಿಗೆ ಬೀಳಲಿ.

ರಾಯರ ಕಡೆಯೂ ನ್ಯಾಯವಿದೆ, ಸುಳ್ಳು ಹೇಳಬಾರದು. ಸಾಮಾನ್ಯ ಯೂಸರ್ ಆಗಿ ರೂಟ್ ಡೈರೆಕ್ಟರಿಯಿಂದ ‘ಫೈಂಡ್’ ಓಡಿಸಿ ನೋಡಿ. ‘ಪರ್ಮಿಷನ್ ಡಿನೈಡ್’ ಸಾಲುಗಳು ಪುಟಗಟ್ಟಲೆ ಸುರಿದು, ಬೇಕಾದ ಒಂದು ಫೈಲಿನ ಹೆಸರು ನಡುವೆ ಎಲ್ಲೋ ಮುಳುಗಿಹೋಗುತ್ತದೆ. ಆದರೆ ರಾಯರಿಗೆ ಅದು ಬರೀ ಗದ್ದಲವಲ್ಲ, ಅವಮಾನ. “ನಂಗೇ ಡಿನೈಡಾ? ಪ್ರತಿ ಆಯುಧಪೂಜೆಗೂ ಈ ಸರ್ವರಿಗೆ ಕುಂಕುಮ ಇಡೋನು ನಾನು!”

ತಮಾಷೆ ಎಂದರೆ, ದೂರುಗಳಿಗೆ ಬೇರೆ ದಾರಿ ಮಾಡಿದ್ದೇ ಅವು ಕಣ್ಣಿಗೆ ಬೀಳಲಿ ಎಂದು. 1970ರ ದಶಕದಲ್ಲಿ ಬೆಲ್ ಲ್ಯಾಬ್ಸ್‌ನವರು ಫೋಟೋಟೈಪ್‌ಸೆಟ್ಟರಿಗೆ ಪುಟ ಕಳಿಸಿದರೆ, ಪುಟದ ಬದಲು ಎರರ್ ಮೆಸೇಜೇ ಅಂದವಾಗಿ ಅಚ್ಚಾಗಿ ಬಂತಂತೆ. ಆಮೇಲೆ ಹುಟ್ಟಿದ್ದು ಸ್ಟ್ಯಾಂಡರ್ಡ್ ಎರರ್ ಎಂಬ ಈ 2ನೇ ದಾರಿ. ಈ ಕಥೆಯನ್ನು ರಾಯರೇ ಜೂನಿಯರ್‌ಗಳಿಗೆ ರಸವತ್ತಾಗಿ ಹೇಳುತ್ತಾರೆ. ಹೇಳುತ್ತಲೇ ಬೆರಳುಗಳು ಬಾಲ ಟೈಪ್ ಮಾಡುತ್ತಿರುತ್ತವೆ. ಅವಸರದಲ್ಲಿ ಎಲ್ಲಾದರೂ 2ಕ್ಕೂ ಗ್ರೇಟರ್ ದ್ಯಾನ್‌ಗೂ ನಡುವೆ ಒಂದು ಸ್ಪೇಸ್ ಬಿತ್ತೋ, ಸಿಕ್ಕಿದ್ದೆಲ್ಲ ಹುಂಡಿಗೆ, ದೂರು ಮಾತ್ರ ಪರದೆಗೆ. ಆಗ ಅವರ ಹತ್ತಿರ ರಜೆ ಕೇಳಲು ಹೋಗಬೇಡಿ.

ಮನೆಯಲ್ಲೂ ಇದೇ ಪದ್ಧತಿ. ಕಾರಿನಲ್ಲಿ ಹಳದಿ ಎಂಜಿನ್ ದೀಪ ಹತ್ತಿಕೊಂಡಾಗ ಅದರ ಮೇಲೆ ಧರ್ಮಸ್ಥಳದ ಸ್ಟಿಕ್ಕರ್ ಅಂಟಿಸಿದರು. ಅಪಾರ್ಟ್‌ಮೆಂಟಿನ ವಾಟ್ಸ್ಆಪ್ ಗ್ರೂಪು ಮ್ಯೂಟ್ ಆಗಿ ಕಾಲವಾಯಿತು. ನೀರು ಬರದ ದಿನ, ಮೈಗೆಲ್ಲ ಸೋಪು ಹಚ್ಚಿಕೊಂಡ ಮೇಲೆ, ಅವರಿಗೆ ವಿಷಯ ತಿಳಿಯುತ್ತದೆ.

ಮೊನ್ನೆ ಹೊಸದಾಗಿ ಸೇರಿದ ಹುಡುಗಿ ಕೇಳಿದಳು: “ಸರ್, ಹಳೇ ಪೇರೋಲ್ ಫೈಲ್ ಈ ಸರ್ವರಲ್ಲಿ ಇದೆಯಾ?” ರಾಯರು ಬಾಲ ಸಮೇತ ಓಡಿಸಿದರು. ಪರದೆ ಮೌನ.

“ಇಲ್ಲಮ್ಮ. ಮೂಲೆಮೂಲೆ ಜಾಲಾಡಿಬಿಟ್ಟೆ.”

ಅವಳು ಬಾಲ ಕಿತ್ತು ಅದೇ ಕಮಾಂಡ್ ಓಡಿಸಿದಳು. ಸಾಲುಗಳ ಮಳೆಯ ನಡುವೆ ಪೇರೋಲ್ ಫೋಲ್ಡರಿನ ಹೆಸರು, ಪಕ್ಕದಲ್ಲೇ ‘ಪರ್ಮಿಷನ್ ಡಿನೈಡ್’.

“ಸರ್, ಇಲ್ಲ ಅಂತಲ್ಲ, ನಮ್ಮನ್ನ ಒಳಗೆ ಬಿಟ್ಟಿಲ್ಲ ಅಷ್ಟೆ.”

ರಾಯರು ಕನ್ನಡಕ ಮೇಲೇರಿಸಿ ಪರದೆಯನ್ನು ಮೇಲಿಂದ ಕೆಳಗೆ ನೋಡಿದರು.

“ನೋಡಿದ್ಯಾ, ಎಷ್ಟು ಗಲೀಜು! ಅದಕ್ಕೇ ಕಣಮ್ಮ ನಾನು ಬಾಲ ಹಾಕೋದು.”