ಇಡಿಯಮಣ್ಣ

ಇಂಗ್ಲಿಷ್ ಬಲ್ಲವರಿಂದ ನನಗೆ ಈವರೆಗೆ ತೊಂದರೆಯಾಗಿಲ್ಲ. ಬಾರದವರಿಂದಲೂ ಆಗಿಲ್ಲ. ಆಗಿರುವ ತೊಂದರೆಯೆಲ್ಲ ಇಂಗ್ಲಿಷಿನ ಇಡಿಯಂ ಬಲ್ಲವರಿಂದ.

ಇಂಥವರು ಎಲ್ಲ ಊರಲ್ಲೂ ಇರುತ್ತಾರೆ. ಬ್ಯಾಂಕಿನ ಕ್ಯೂನಲ್ಲಿ ನಮ್ಮ ಹಿಂದೆ, ಮದುವೆಯೂಟಕ್ಕೆ ನಮ್ಮ ಪಕ್ಕದ ಕುರ್ಚಿಯಲ್ಲಿ. ಕಾಟಿಪಳ್ಳದವರಾದ ನಮ್ಮ ಪಾಲಿಗೆ ಬಂದವರು ಇಡಿಯಮಣ್ಣ. ಹೆತ್ತವರು ಇಟ್ಟ ಹೆಸರು ಬೇರೆ ಉಂಟು. ರೇಷನ್ ಕಾರ್ಡಿನಲ್ಲಿ ಬಿಟ್ಟರೆ ಬೇರೆಲ್ಲೂ ಅದರ ಬಳಕೆಯಾದದ್ದನ್ನು ನಾನು ಕಂಡಿಲ್ಲ. ಪಣಂಬೂರಿನ ಬಂದರಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ತುಂಬು ತೋಳಿನ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಒಂದು ನೀಲಿ, ಒಂದು ಕೆಂಪು.

ಕೆಂಪು ಪೆನ್ನು ಏಕೆ ಎಂಬುದು ಅವರ ಡೈರಿ ನೋಡಿದ ಮೇಲೆ ಗೊತ್ತಾಯಿತು. ಹಳೇ ಡೈರಿಯ ಪುಟಗಳಿಗೆ ಮೂರು ಕಾಲಂ ಎಳೆದಿದ್ದಾರೆ. ಮೊದಲನೆಯದರಲ್ಲಿ ಕೆಂಪಿನಲ್ಲಿ ಇಡಿಯಂ, ಎರಡನೆಯದರಲ್ಲಿ ನೀಲಿಯಲ್ಲಿ ಕನ್ನಡದ ಅರ್ಥ. ‘ಒನ್ಸ್ ಇನ್ ಎ ಬ್ಲೂ ಮೂನ್’ ಎಂದರೆ ಅಪರೂಪಕ್ಕೆ. ‘ಸ್ಪಿಲ್ ದ ಬೀನ್ಸ್’ ಎಂದರೆ ಗುಟ್ಟು ಹೊರಹಾಕು. ‘ಎ ಪೀಸ್ ಆಫ್ ಕೇಕ್’ ಎಂದರೆ ನೀರು ಕುಡಿದಷ್ಟು ಸುಲಭ. ಇಲ್ಲಿಗೆ ನಿಂತಿದ್ದರೆ ಅವರನ್ನು ವಿದ್ವಾಂಸರೆಂದು ಸನ್ಮಾನಿಸಿ ಶಾಲು ಹೊದೆಸಬಹುದಿತ್ತು. ಮೂರನೇ ಕಾಲಮ್ಮಿನ ತಲೆಬರಹ ‘ಪ್ರಯೋಗ’. ಯಾವ ಇಡಿಯಂ ಯಾರ ಮೇಲೆ, ಎಲ್ಲಿ ಪ್ರಯೋಗವಾಯಿತು ಎಂಬ ಲೆಕ್ಕ. ‘ಬೈಟ್ ದ ಬುಲೆಟ್’ ಎದುರು ‘ಹಲ್ಲಿನ ಡಾಕ್ಟರಲ್ಲಿ’ ಎಂದಿತ್ತು. ನನ್ನ ಹೆಸರು ನಾಲ್ಕೈದು ಕಡೆ ಇತ್ತು. ಕೆಲವು ಸಾಲುಗಳ ಮುಂದೆ ‘ಸಂದರ್ಭ ಒದಗಿಲ್ಲ’ ಎಂಬ ಷರಾ. ಆ ಸಂದರ್ಭಗಳು ಒದಗದಿರಲಿ ಎಂದು ಗಣೇಶಪುರದ ಗಣಪತಿಗೆ ಅಲ್ಲಿಂದಲೇ ಕೈಮುಗಿದೆ.

ಮಳೆಗಾಲ ಅವರ ಸುಗ್ಗಿ. ಜೂನಿನ ಮೊದಲ ಜೋರು ಮಳೆಗೆ ಕೈಕಂಬದ ಹೋಟೆಲಿನ ಬಾಗಿಲಲ್ಲಿ ಕೊಡೆ ಕೊಡವುತ್ತ ‘ರೈನಿಂಗ್ ಕ್ಯಾಟ್ಸ್ ಆ್ಯಂಡ್ ಡಾಗ್ಸ್’ ಎಂದು ಘೋಷಿಸುತ್ತಾರೆ. ಅಷ್ಟಾದರೆ ಸಹಿಸಬಹುದು. ಹಿಂದೆಯೇ ವಿವರಣೆ ಬರುತ್ತದೆ: ಇಂಗ್ಲೆಂಡಿನಲ್ಲಿ ಹುಲ್ಲಿನ ಮಾಡಿನ ಮೇಲೆ ನಾಯಿಬೆಕ್ಕುಗಳು ಮಲಗುತ್ತಿದ್ದವಂತೆ, ಜೋರು ಮಳೆಗೆ ಜಾರಿ ಕೆಳಗೆ ಬೀಳುತ್ತಿದ್ದವಂತೆ. 1999ರಲ್ಲಿ ಇಮೇಲಿನಲ್ಲಿ ಹರಿದಾಡಿದ ಕಟ್ಟುಕತೆ ಇದು. ನಮ್ಮ ಕಡೆ ಮುಳಿಹುಲ್ಲಿನ ಮಾಡಿಗೇನು ಬರವಿರಲಿಲ್ಲ. ಅದರ ಮೇಲೆ ನಾಯಿ ಹತ್ತಿ ಮಲಗಿದ್ದನ್ನು ಕಂಡವರು ಯಾರಿದ್ದಾರೆ?

ಈ ಮಾತನ್ನು ಬಳಸಿದ ಹಳಬರಲ್ಲಿ ಗಲಿವರನ ಕತೆಯ ಜೊನಾಥನ್ ಸ್ವಿಫ್ಟ್ ಒಬ್ಬ. ಸವೆದ ಮಾತುಗಳನ್ನೇ ಪೋಣಿಸಿ ಹರಟುವ ದೊಡ್ಡಮನೆಯವರನ್ನು ಗೇಲಿ ಮಾಡಲು 1738ರಲ್ಲಿ ಒಂದು ಪುಸ್ತಕ ಪ್ರಕಟಿಸಿದ. ನಾಯಿಬೆಕ್ಕಿನ ಮಳೆ ಅದರಲ್ಲಿದೆ. ಆ ಪುಸ್ತಕವನ್ನು ಸಂಗ್ರಹಿಸಿದನೆಂದು ಅವನು ಕಲ್ಪಿಸಿದ ಮಹಾಶಯ ಜೇಬಿನಲ್ಲಿ ದೊಡ್ಡ ಟಿಪ್ಪಣಿ ಪುಸ್ತಕ ಇಟ್ಟುಕೊಂಡೇ ಊಟಕ್ಕೆ ಹೋಗುತ್ತಾನೆ, ಹೊರಬಂದ ಕೂಡಲೇ ಕೇಳಿದ ಚಂದದ ಮಾತುಗಳನ್ನೆಲ್ಲ ಬರೆದುಕೊಳ್ಳುತ್ತಾನೆ. ಇದನ್ನು ಇಡಿಯಮಣ್ಣನಿಗೆ ಹೇಳಿದೆ, ಸ್ವಲ್ಪ ನಾಟಲಿ ಎಂದೇ. ಅವರು ಕಣ್ಣರಳಿಸಿ, “ನಮ್ಮವನೇ ಮಾರಾಯ್ರೆ!” ಎಂದು ಅವನ ಹೆಸರು ಬರೆದುಕೊಂಡರು. ಕೆಂಪಿನಲ್ಲಿ.

ಆದರೆ ನೀರಿನ ಸಭೆಯ ದಿನ ಮಾಡಿದ್ದನ್ನು ಮಾತ್ರ ನಮ್ಮ ಬ್ಲಾಕಿನವರು ಇನ್ನೂ ಮರೆತಿಲ್ಲ. ವಾರಕ್ಕೆರಡು ದಿನ ನಳ್ಳಿಯಲ್ಲಿ ಗಾಳಿ ಬರುತ್ತಿದ್ದ ಕಾಲ. ಬಹಳ ಪ್ರಯತ್ನಪಟ್ಟು ಒಬ್ಬ ಇಂಜಿನಿಯರನ್ನು ಕರೆತಂದು, ಶಾಲೆಯ ಹಾಲಿನಲ್ಲಿ ಕೂರಿಸಿ, ಸುತ್ತ ನಾವು ಕೂತು, ಇನ್ನೇನು ಅವರು ಪೈಪಿನ ವಿಷಯಕ್ಕೆ ಉತ್ತರ ಕೊಡಲೇಬೇಕು ಎಂಬಲ್ಲಿಗೆ ತಂದಿದ್ದೆವು. ಇಡಿಯಮಣ್ಣ ಎದ್ದರು. “ಸರ್, ವಿ ಮಸ್ಟ್ ಟೇಕ್ ದ ಬುಲ್ ಬೈ ದ ಹಾರ್ನ್ಸ್” ಎಂದು, ಹಿಂದೆ ಕೂತ ಹಿರಿಯರ ಅನುಕೂಲಕ್ಕಾಗಿ, “ಅಂದರೆ ಕೋಣದ ಕೊಂಬನ್ನೇ ಹಿಡಿಯಬೇಕು” ಎಂದು ಬಿಡಿಸಿ ಹೇಳಿದರು.

ಹಿಂದಿನ ಬೆಂಚಿನಲ್ಲಿ ಪ್ರಾಯಕಾಲದಲ್ಲಿ ಕಂಬಳದ ಕೋಣ ಓಡಿಸಿದ ಅಜ್ಜ ಒಬ್ಬರು ಇದ್ದರು. ಅಷ್ಟು ಹೊತ್ತು ತೂಕಡಿಸುತ್ತಿದ್ದವರು ‘ಕೋಣ’ ಎಂದದ್ದಕ್ಕೆ ನೆಟ್ಟಗಾದರು. “ಕೊಂಬಿಗೆ ಎಂತಕ್ಕೆ ಕೈ ಹಾಕುದು? ಹಗ್ಗ ಹಿಡಿಬೇಕು.” ಪಕ್ಕದವರು, “ಅದು ಹಗ್ಗದ ವಿಭಾಗದಲ್ಲಿ. ಹಲಗೆಯಾದರೆ ಮೇಲೆ ನಿಲ್ಲಬೇಕಲ್ಲ” ಎಂದರು. ಅಲ್ಲಿಂದ ನೇಗಿಲು, ಅಲ್ಲಿಂದ ಕನೆಹಲಗೆ, ನೀರು ಎಷ್ಟೆತ್ತರ ಚಿಮ್ಮಬೇಕು ಎಂಬುದು. ಸಭೆಯಲ್ಲಿ ನೀರಿನ ಚರ್ಚೆ ಆದದ್ದು ಅಷ್ಟೇ. ಗಾಬರಿಯಾದ ಇಡಿಯಮಣ್ಣ, “ಡೋಂಟ್ ಬೀಟ್ ಅರೌಂಡ್ ದ ಬುಷ್, ಸುಮ್ಮನೆ ಪೊದೆ ಬಡಿಯಬೇಡಿ” ಎಂದರು. “ಹಂದಿ ಬೇಟೆಗೆ ಹೋದರೆ ಪೊದೆ ಬಡಿಯದೆ ಆಗ್ತದಾ?” ಎಂದರು ಅಜ್ಜ. ತಮಾಷೆಯೆಂದರೆ, ಆ ಇಂಗ್ಲಿಷ್ ಮಾತು ಹುಟ್ಟಿದ್ದೂ ಬೇಟೆಯಲ್ಲೇ. ಸಭೆಯಲ್ಲಿ ಅದರ ಒಳಗುಟ್ಟು ಬಲ್ಲವರು ಅವರೊಬ್ಬರೇ. ಇಂಜಿನಿಯರ್ ಗಡಿಯಾರ ನೋಡಿ, ಎಲ್ಲರಿಗೂ ಕೈಮುಗಿದು, ಜೀಪು ಹತ್ತಿದರು.

ಹತ್ತನೇ ಕ್ಲಾಸಿನ ಪರೀಕ್ಷೆಗೆ ಹೊರಟ ಹುಡುಗನಿಗೆ ‘ಬ್ರೇಕ್ ಎ ಲೆಗ್’ ಎಂದು ಹರಸಿ ಅವನ ತಾಯಿಯಿಂದ ತಿಂದ ಬೈಗುಳದ ಕತೆ ಬೇರೆ ಉಂಟು, ಬಿಡಿ. ನನ್ನ ಕಷ್ಟವೇ ಬೇರೆ. ಮೊನ್ನೆ ಸ್ಟೇಟ್ ಬ್ಯಾಂಕಿಗೆ ಹೋಗುವ ಬಸ್ಸಿನಲ್ಲಿ ಚಿಲ್ಲರೆಗೆ ಕಂಡಕ್ಟರನೊಡನೆ ವಾದಿಸುತ್ತ ‘ಅಟ್ ದ ಎಂಡ್ ಆಫ್ ದ ಡೇ’ ಎಂದುಬಿಟ್ಟೆ. ಬೆಳಿಗ್ಗೆ ಒಂಬತ್ತು ಗಂಟೆ. ಕಂಡಕ್ಟರ್, “ಸಂಜೆವರೆಗೆ ನಿಲ್ಲಲಿಕ್ಕೆ ಆಗುದಿಲ್ಲ” ಎಂದ.

ಒಮ್ಮೆ ಬಸ್ ಸ್ಟಾಪಿನಲ್ಲಿ ಮಳೆಗೆ ಸಿಕ್ಕಿಬಿದ್ದು ನಾನೂ ಇಡಿಯಮಣ್ಣನೂ ಇಬ್ಬರೇ ನಿಂತಿದ್ದೆವು. ಪಣಂಬೂರು, ಬೈಕಂಪಾಡಿ ಕಡೆಯ ಕುಟುಂಬಗಳು 1960ರ ದಶಕದಲ್ಲಿ ಬಂದರಿಗಾಗಿ ಮನೆ ಗದ್ದೆ ಬಿಟ್ಟು ಬಂದು ನೆಲೆಯಾದ ಊರು ನಮ್ಮದು. ನಂಬರು ಹಾಕಿದ ಬ್ಲಾಕುಗಳು ಬಂದದ್ದೂ ಹಾಗೇ. ಇಡಿಯಮಣ್ಣನ ಮನೆಗೆ ಬಂದ ನೋಟಿಸು ಇಂಗ್ಲಿಷಿನಲ್ಲಿತ್ತಂತೆ. ಮನೆಯಲ್ಲಿ ಓದುವವರಿಲ್ಲ. ಶಾಲೆಗೆ ಹೋಗುವ ಹುಡುಗ ಅವರೊಬ್ಬರೇ. ಕಾಗದ ಹಿಡಿದು ಬಲ್ಲವರ ಮನೆಮನೆ ತಿರುಗಿದರು. ಒಬ್ಬರು ಒಂದು ಅರ್ಥ ಹೇಳಿದರು, ಇನ್ನೊಬ್ಬರು ಇನ್ನೊಂದು. ಡಿಕ್ಷನರಿ ತಂದು ಒಂದೊಂದೇ ಪದ ನೋಡಿದರೆ ಪದಗಳೆಲ್ಲ ಗೊತ್ತಾದವು, ಗದ್ದೆ ಹೋಗುವುದು ಯಾವಾಗ ಎಂಬುದು ಮಾತ್ರ ಗೊತ್ತಾಗಲಿಲ್ಲ. 1975ರಲ್ಲಿ ಇಂದಿರಾ ಗಾಂಧಿ ಬಂದು ಬಂದರು ಉದ್ಘಾಟಿಸಿದರು. ಸ್ವಲ್ಪ ಸಮಯದಲ್ಲಿ ಅಲ್ಲೇ ಇವರಿಗೆ ಕೆಲಸ ಸಿಕ್ಕಿತು. ಡೈರಿಗೆ ಕಾಲಂ ಎಳೆಯಲು ಶುರುಮಾಡಿದ್ದು ಅಲ್ಲಿ. ಇಷ್ಟನ್ನು ಹೇಳುವಾಗ ಅವರ ಬಾಯಲ್ಲಿ ಒಂದೇ ಒಂದು ಇಡಿಯಂ ಬರಲಿಲ್ಲ. ನಾನು ಏನಾದರೂ ಹೇಳಬೇಕು ಎನ್ನುವಷ್ಟರಲ್ಲಿ ಬಸ್ಸು ಬಂತು. “ಬೆಟರ್ ಲೇಟ್ ದ್ಯಾನ್ ನೆವರ್” ಎಂದು ಹತ್ತಿದರು.

ಅವರ ಡೈರಿಯಲ್ಲಿ ನನಗೆ ತೀರಾ ಇಷ್ಟವಾದ ಸಾಲು ‘ಕ್ಯಾರಿಯಿಂಗ್ ಕೋಲ್ಸ್ ಟು ನ್ಯೂಕಾಸಲ್’ ಎಂಬುದರ ಎದುರಿಗಿದೆ. ಕಲ್ಲಿದ್ದಲಿನ ಊರಿಗೇ ಕಲ್ಲಿದ್ದಲು ಹೊತ್ತಂತೆ ಎಂದು ಅರ್ಥ. ಇಡಿಯಮಣ್ಣ ಬರೆದುಕೊಂಡದ್ದು: ‘ಕುದುರೆಮುಖ ಕಂಪನಿಗೆ ಅದಿರು ತಂದಂತೆ.’ ಕುದುರೆಮುಖದಲ್ಲಿ ಗಣಿಗಾರಿಕೆ 2005ರ ಕೊನೆಗೆ ನಿಂತಿತು. ಆಮೇಲೆ ಪಣಂಬೂರಿನ ಅದೇ ಕಂಪನಿಯ ಅದಿರುಂಡೆ (ಪೆಲೆಟ್) ಕಾರ್ಖಾನೆಗೆ ಛತ್ತೀಸಗಡದ ಬೈಲಾಡಿಲದಿಂದ ಅದಿರು ಬರತೊಡಗಿತು. ಅದನ್ನು ಕಣ್ಣಾರೆ ಕಂಡವರು ಇವರು. ಇಂಗ್ಲಿಷಿನವರ ಮಾತಿಗೆ ಇಷ್ಟು ಒಳ್ಳೆಯ ಜೋಡಿ ಯಾವ ಡಿಕ್ಷನರಿಯಲ್ಲೂ ನನಗೆ ಸಿಕ್ಕಿಲ್ಲ. ಈ ಮಾತನ್ನು ಅವರು ಯಾರ ಮುಂದೆಯೂ ಆಡಿಲ್ಲ. ಮೂರನೇ ಕಾಲಂ ಖಾಲಿ. “ಅದು ನಮ್ಮದೇ ಅಲ್ವಾ, ಅದರಲ್ಲಿ ಎಂತ ಉಂಟು?” ಎನ್ನುತ್ತಾರೆ.

ನೀವು ಈ ಕಡೆ ಬಂದರೆ ಬೆಳಿಗ್ಗೆ ಕೈಕಂಬದ ಹೋಟೆಲಿನಲ್ಲಿ ಅವರು ಸಿಗುತ್ತಾರೆ. ಚಹಾ, ಗೋಳಿಬಜೆಯ ದುಡ್ಡು ಅವರೇ ಕೊಡುತ್ತಾರೆ, ನಿಮಗೆ ಕೊಡಲು ಬಿಡುವುದಿಲ್ಲ. ಅದಿರಿನ ವಿಷಯ ಕೇಳಿ, ಬಂದರಿನ ವಿಷಯ ಕೇಳಿ. ಮಳೆಯ ಸುದ್ದಿ ಮಾತ್ರ ಎತ್ತಬೇಡಿ.