ಚೀಟಿ ಪಾರಾಯಣ

ಮೈಸೂರಿನ ಲಕ್ಷ್ಮೀಪುರಂನಲ್ಲಿ ಬೀದಿಗೊಬ್ಬರಾದರೂ ಇಂಥವರಿರುತ್ತಾರೆ. ನಮ್ಮ ಪಾಲಿಗೆ ಬಂದವರು ಸೋದರಮಾವ. ಅಲ್ಸರೇಟಿವ್ ಕೊಲೈಟಿಸ್, ಅಂದರೆ ದೊಡ್ಡ ಕರುಳಿನ ಹುಣ್ಣು, ಒಂಬತ್ತು ವರ್ಷದಿಂದ ಅವರ ಜೊತೆಗಿದೆ. ಬಲ್ಲಾಳ್ ಸರ್ಕಲ್‌ನಿಂದ ದೇವರಾಜ ಮಾರುಕಟ್ಟೆಯವರೆಗೆ ಯಾವ ಶೌಚಾಲಯ ಎಲ್ಲಿದೆ, ಯಾವುದಕ್ಕೆ ಚಿಲಕವಿದೆ ಎಂಬುದು ಅವರಿಗೆ ಬಾಯಿಪಾಠ. ಮದುವೆಮನೆಗೆ ಹೋದರೆ ವಧೂವರರಿಗಿಂತ ಮೊದಲು ‘ಪುರುಷರು’ ಎಂಬ ಬೋರ್ಡಿನ ದರ್ಶನ. ಊಟಕ್ಕೆ ಕೂರುವುದು ಪಂಕ್ತಿಯ ತುದಿಯಲ್ಲೇ.

ಇಷ್ಟೆಲ್ಲ ಗೆದ್ದವರು ಒಂದು ಸಣ್ಣ ಮಾತ್ರೆಗೆ ಹೆದರಿ ಕೂತರು.

ಅಜಾಥಯೋಪ್ರಿನ್. ಸ್ಟಿರಾಯ್ಡನ್ನು ವರ್ಷಗಟ್ಟಲೆ ನುಂಗುವಂತಿಲ್ಲ, ಬಿಟ್ಟಾಗಲೆಲ್ಲ ಮತ್ತೆ ರಕ್ತ ಬೀಳುತ್ತದೆ, ಹಾಗಾಗಿ ಇದನ್ನು ಶುರು ಮಾಡಿ ಎಂದರು ಡಾಕ್ಟರು. ಮೆಡಿಕಲ್ ಸ್ಟೋರಿನ ಹುಡುಗ ಸುಮ್ಮನೆ ಕೊಟ್ಟಿದ್ದರೆ ಆಗುತ್ತಿತ್ತು. “ಇದು ಕಿಡ್ನಿ ಕಸಿ ಮಾಡಿಸ್ಕೊಂಡೋರಿಗೆ ಕೊಡೋದಲ್ವಾ ಸಾರ್?” ಅಂದುಬಿಟ್ಟ. ಮಾವ ಮನೆಗೆ ಬಂದವರೇ ಸೊಂಟದ ಎರಡೂ ಕಡೆ ಒತ್ತಿ ನೋಡಿಕೊಂಡರು.

ಆಮೇಲೆ ಡಬ್ಬಿಯೊಳಗಿನ ಚೀಟಿ. ಎಂಟು ಮಡಿಕೆ, ಬಿಡಿಸಿದರೆ ಟವೆಲ್ಲಿನಷ್ಟು, ಅಕ್ಷರ ರಾಗಿಕಾಳಿಗಿಂತ ಸಣ್ಣ. ನನ್ನ ಭೂತಗನ್ನಡಿ ಎರವಲು ಹೋಯಿತು. ದಿನಾ ಸಂಧ್ಯಾವಂದನೆ ಮುಗಿಸಿ ಪಾರಾಯಣ: ವಾಂತಿ, ಯಕೃತ್ತು, ಮೇದೋಜೀರಕ...

“ಅಪರೂಪಕ್ಕೆ ಅಂತ ಬರೆದಿದೆಯಲ್ಲ ಮಾವ.”

“ಲಾಟರಿ ಒಂದು ಬಿಟ್ಟು ಅಪರೂಪದ್ದೆಲ್ಲ ನನ್ನನ್ನೇ ಹುಡುಕ್ಕೊಂಡು ಬಂದಿದೆ ಕಣೋ. ಈ ಕಾಯಿಲೆ ನಮ್ಮ ಬೀದೀಲಿ ಇನ್ಯಾರಿಗಿದೆ, ಹೇಳು?”

ಅವರ ಭಯವೆಲ್ಲ ಹುಸಿ ಎನ್ನಲಾರೆ. ಬಿಳಿ ರಕ್ತಕಣ ನಿಜಕ್ಕೂ ಇಳಿಯಬಹುದು. ಎನ್‌ಯುಡಿಟಿ15 ಎಂಬ ಜೀನಿನಲ್ಲಿ ವ್ಯತ್ಯಾಸವಿರುವವರಿಗೆ, ಅದು ನಮ್ಮ ಏಷ್ಯಾದವರಲ್ಲೇ ಹೆಚ್ಚು, ಬೇಗನೆ ಇಳಿಯುತ್ತದೆ. ಮೊದಮೊದಲು ಪದೇಪದೇ ರಕ್ತ ಪರೀಕ್ಷೆ ಮಾಡಿಸುವುದು ಅದಕ್ಕೇ. ಮಾವ ಆ ಸಾಲನ್ನು ಸರಾಗವಾಗಿ ದಾಟಿ ‘ಕೂದಲು ಉದುರಬಹುದು’ ಎಂಬಲ್ಲಿ ನಿಂತುಬಿಟ್ಟರು. ಅವರ ತಲೆಯಲ್ಲಿ ಉದುರಲು ಬಾಕಿ ಇರುವುದು ಕಿವಿಯ ಮೇಲಿನ ಎರಡು ಗೆರೆ. ಬಿಸಿಲಿಗೆ ಹೆಚ್ಚು ಮೈಯೊಡ್ಡಬಾರದು ಎಂದು ಓದಿದ ಮರುದಿನ, ಮಾತ್ರೆ ಇನ್ನೂ ಡಬ್ಬಿಯಲ್ಲೇ ಇರುವಾಗ, ಬೆಳಿಗ್ಗೆ ಆರೂವರೆಗೆ ಕೊಡೆ ಬಿಚ್ಚಿಕೊಂಡು ಹಾಲಿಗೆ ಹೊರಟರು.

ಇದೇ ಮಾವ ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಪಕ್ಕದಲ್ಲಿ ನಿಂತಿದ್ದ ಯಾರೋ ಕೊಟ್ಟ ಕಂದು ಪುಡಿಯನ್ನು, ಹೆಸರೂ ಕೇಳದೆ, ಮಜ್ಜಿಗೆಗೆ ಕದಡಿ ನಲವತ್ತೆಂಟು ದಿನ ಕುಡಿದವರು. ನಂಜುಂಡನನ್ನು ಟಿಪ್ಪು ಸುಲ್ತಾನನೇ ಹಕೀಮ ಅಂದನಂತೆ, ಅವನ ಸನ್ನಿಧಿಯಲ್ಲಿ ಸಿಕ್ಕಿದ್ದಕ್ಕೆ ಚೀಟಿ ಬೇಕೇ ಎಂಬುದು ವಾದ. ಪುಡಿ ಕಟ್ಟಿದ್ದ ಹಳೇ ಪೇಪರಿನಲ್ಲಿದ್ದದ್ದು ‘ವರ ಬೇಕಾಗಿದೆ’ ಜಾಹೀರಾತು. ಅದರಲ್ಲೂ ಅಡ್ಡಪರಿಣಾಮ ಬರೆದಿರಲಿಲ್ಲ.

ಮಹಾರಾಣಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಓದಿದ ಅತ್ತೆಗೆ ತಾಳ್ಮೆ ಮುಗಿಯಿತು. “ರೀ, ನೀವು ಹುಟ್ಟೋಕೆ ಮುಂಚಿನ ಮಾತ್ರೆ ಇದು, 1957ರದು. ಇದನ್ನ ಮಾಡಿದ ಗರ್ಟ್ರೂಡ್ ಎಲಿಯನ್ ಅನ್ನೋ ಹೆಂಗಸಿಗೆ, ಅವಳ ಜೊತೆ ಕೆಲಸ ಮಾಡಿದ ಹಿಚಿಂಗ್ಸ್‌ಗೆ 1988ರಲ್ಲಿ ನೊಬೆಲ್ಲೂ ಕೊಟ್ಟಾಯ್ತು. ನಿಮ್ಮದೊಂದು ಒಪ್ಪಿಗೆ ಬಾಕಿ.”

ಮಾವ ಪಂಚಾಂಗ ತೆಗೆದರು. ತಿಂಡಿ ಆದಮೇಲೆ ನುಂಗಬೇಕು. ಸೋಮವಾರ ತಿಂಡಿ ಹೊತ್ತಿಗೇ ರಾಹುಕಾಲ. ಮಂಗಳವಾರ ಬೇಡ ಎನ್ನಲು ಕಾರಣವೇ ಬೇಕಿಲ್ಲ. ಬುಧವಾರ ಉಪ್ಪಿಟ್ಟಿಗೆ ಮೆಣಸಿನಕಾಯಿ ಹೆಚ್ಚಾಗಿತ್ತು. ಅಂತೂ ಗುರುವಾರ ಎರಡು ಇಡ್ಲಿ ತಿಂದು, ಕಣ್ಣು ಮುಚ್ಚಿ, ನುಂಗಿದರು. ಕೈಗಡಿಯಾರ ಬಿಚ್ಚಿ ಎದುರಿಗಿಟ್ಟುಕೊಂಡರು. ಹತ್ತು ನಿಮಿಷವಾಯಿತು.

“ಏನಾಗ್ತಿದೆ ಮಾವ?”

“ಏನೂ ಆಗ್ತಿಲ್ಲ. ಅದೇ ಭಯ.”

“ಪರಿಣಾಮ ಕಾಣೋಕೆ ಎರಡು ಮೂರು ತಿಂಗಳು ಬೇಕಂತೆ,” ಒಳಗಿನಿಂದ ಅತ್ತೆ.

“ಅಲ್ಲೀವರೆಗೂ ನಾನು ಹೀಗೇ ಕೂತಿರಬೇಕಾ?”

ಮೊದಲ ರಕ್ತ ಪರೀಕ್ಷೆಯ ರಿಪೋರ್ಟ್ ಮೊನ್ನೆ ಬಂತು. ಬಿಳಿ ಕಣ ಸರಿಯಾಗಿವೆ. ಆದರೆ ರಿಪೋರ್ಟಿನ ಕೆಳಗೂ ಸಣ್ಣ ಅಕ್ಷರದಲ್ಲಿ ನಾಲ್ಕು ಸಾಲು ಇವೆಯಂತೆ. ನನ್ನ ಭೂತಗನ್ನಡಿ ಇನ್ನೂ ವಾಪಸ್ ಬಂದಿಲ್ಲ.