ಸ್ವಿಚ್ಚಪ್ಪನವರ ಲೆಕ್ಕ

ಬೀದಿಗೊಬ್ಬರು ಇದ್ದೇ ಇರುತ್ತಾರೆ. ಹೆಚ್ಚಾಗಿ ನಿವೃತ್ತರು. ಪಂಚೆ, ಬನಿಯನ್ನು, ಒಂದು ಕೈ ಸದಾ ಗೋಡೆಯ ಮೇಲೆ. ನೀವು ಕೋಣೆಯಿಂದ ಆಚೆ ಕಾಲಿಟ್ಟಿರೋ ಇಲ್ಲವೋ, ಹಿಂದೆ ‘ಟಪ್’ ಅಂತ ಶಬ್ದ. ಕನ್ನಡಕ ಮರೆತು ವಾಪಸು ಹೋದರೆ ಕತ್ತಲಲ್ಲಿ ಅವರಿಗೇ ಡಿಕ್ಕಿ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ. ಸ್ವಿಚ್ಚಪ್ಪ ಅನ್ನುವುದು ಬೀದಿ ಹುಡುಗರ ನಾಮಕರಣ. ನಿಂತದ್ದೂ ಅದೇ.

ನಮ್ಮ ಬೀದಿಯ ಸ್ವಿಚ್ಚಪ್ಪನವರದು ಮೈಸೂರಿನ ಸ್ವಂತ ಮನೆ. ಕೆಳಗೆ ಇವರ ಸಂಸಾರ, ಮಹಡಿ ಬಾಡಿಗೆಗೆ. ಮೆಟ್ಟಿಲ ಕೆಳಗೆ ಎರಡು ಮೀಟರು ಅಕ್ಕಪಕ್ಕ. ಬೆಳಿಗ್ಗೆ ಬೇರೆಯವರು ಪೇಪರು ಓದುವ ಹೊತ್ತಿಗೆ ಇವರು ಮೀಟರು ಓದುತ್ತಾರೆ. ಬ್ಯಾಂಕಿನವರು ಕೊಟ್ಟ ಡೈರಿಯಲ್ಲಿ ತಾರೀಕು, ಅಂಕಿ, ನಿನ್ನೆಗಿಂತ ಎಷ್ಟು ಜಾಸ್ತಿ ಎಲ್ಲವೂ ದಾಖಲು. ಪಕ್ಕದಲ್ಲಿ ಒಂದೊಂದು ಷರಾ: ‘ಬೀಗರು ಬಂದಿದ್ದರು.’ ‘ಇಸ್ತ್ರಿ ಪೆಟ್ಟಿಗೆ, ಮುಕ್ಕಾಲು ಗಂಟೆ.’ ‘ವಿಚಾರಿಸಬೇಕು.’

ಯೂನಿಟ್ಟು ಅಂದರೆ ಏನೆಂದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಸಾವಿರ ವಾಟು ಒಂದು ಗಂಟೆ ಉರಿದರೆ ಒಂದು ಯೂನಿಟ್ಟು. ಆ ಲೆಕ್ಕದಲ್ಲಿ 9 ವಾಟಿನ ಎಲ್‌ಇಡಿ ಬಲ್ಬು ಒಂದು ಯೂನಿಟ್ಟು ಮುಗಿಸಬೇಕಾದರೆ 111 ಗಂಟೆ ಒಂದೇ ಸಮ ಉರಿಯಬೇಕು. ಇದೂ ಅವರಿಗೆ ಗೊತ್ತು. ತಲೆಗೆ ಗೊತ್ತು, ಕೈ ಮಾತ್ರ ಇನ್ನೂ 60 ವಾಟಿನ ಗುಂಡು ಬಲ್ಬಿನ ಕಾಲದಲ್ಲೇ ಇದೆ. ಅದು ಹದಿನೇಳು ಗಂಟೆ ಆಗುವುದರೊಳಗೆ ಯೂನಿಟ್ಟು ನುಂಗುತ್ತಿತ್ತು. ಹಾಗಾಗಿ ಬಚ್ಚಲುಮನೆಯಲ್ಲಿ ಮೊಮ್ಮಗಳು ತಲೆಗೆ ಸೋಪು ಹಚ್ಚಿಕೊಂಡು ನಿಂತಿದ್ದರೂ ಹೊರಗಿನ ಸ್ವಿಚ್ಚು ಟಪ್. ಫ್ಯಾನು ಎರಡರ ಮೇಲೆ ಹೋಗಕೂಡದು. ಅವರ ಮನೆಯ ರೆಗ್ಯುಲೇಟರೋ, ಹಳೇ ದಪ್ಪ ಡಬ್ಬ. ಫ್ಯಾನಿಗೆ ಕೊಡದ ಕರೆಂಟನ್ನು ತಾನೇ ಕುಡಿದು ಬೆಚ್ಚಗೆ ಕೂರುವ ಜಾತಿ. ಅಂದರೆ ಮನೆಯವರು ಬೆವರಿದ್ದು ಹೆಚ್ಚೂಕಡಿಮೆ ದಂಡ.

ಗೀಸರಿನ ಸುದ್ದಿಗೆ ಮಾತ್ರ ಅವರು ಹೋಗುವುದಿಲ್ಲ. ಅದು ಮೂಲೆಯಲ್ಲಿ ಸುಮ್ಮನೆ ಕೂತಿರುತ್ತದೆ. ಬೆಳಕಿಲ್ಲ, ತಿರುಗುವುದಿಲ್ಲ, ಸದ್ದಿಲ್ಲ. ಕಣ್ಣಿಗೆ ಬೀಳದ ಕಳ್ಳನನ್ನು ಹಿಡಿಯುವುದು ಹೇಗೆ? ಜೊತೆಗೆ ಎರಡು ಬಕೆಟ್ಟು ಸುಡುಸುಡು ನೀರಿಲ್ಲದೆ ಅವರಿಗೆ ಸ್ನಾನ ಮಾಡಿದಂತಾಗುವುದಿಲ್ಲ.

ಸೊಸೆ ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಒಂದು ಭಾನುವಾರ, ರಾತ್ರಿ ವೈಫೈ ಆರಿಸುವ ವಿಚಾರ ಬಂದಾಗ ಬಾಯಿಬಿಟ್ಟರು.

“ಮಾವಾ, ವೈಫೈ ಡಬ್ಬ 8 ವಾಟು. ರಾತ್ರಿ ಎಂಟು ಗಂಟೆ ಆರಿಸಿದ್ರೆ ತಿಂಗಳಿಗೆ ಎರಡು ಯೂನಿಟ್ಟೂ ಉಳಿಯಲ್ಲ. ನಿಮ್ಮ ಗೀಸರು 25 ಲೀಟರು. ಚಳಿಗಾಲದ ನೀರು ಒಂದು ಸಲ ಕಾಯೋಕೆ ಒಂದು ಯೂನಿಟ್ಟು ಬೇಕು. ಎರಡು ದಿನದ ಸ್ನಾನ, ಇಡೀ ತಿಂಗಳ ರಾತ್ರಿಯ ವೈಫೈ.”

“ಸ್ನಾನ ಮಾಡ್ಬೇಡಿ ಅಂತೀಯೇನಮ್ಮ?”

“ಬಲ್ಬು ಆರಿಸ್ಬೇಡಿ ಅಂತೀನಿ. ಒಳಗೆ ಜನ ಇರ್ತಾರೆ.”

ಸ್ವಿಚ್ಚಪ್ಪನವರು ಸೋಲೊಪ್ಪುವ ಪೈಕಿಯಲ್ಲ. ಮಧ್ಯಾಹ್ನ ಕಣ್ಣಿಗೆ ಬಿದ್ದ ಸ್ವಿಚ್ಚುಗಳನ್ನೆಲ್ಲ ಆರಿಸಿದರು, ಫ್ರಿಜ್ಜಿನ ಪ್ಲಗ್ಗೂ ಕಿತ್ತರು. ಆಮೇಲೆ ಮೀಟರಿನ ಮುಂದೆ ಸ್ಟೂಲು ಹಾಕಿಕೊಂಡು ಕೂತರು. ಮೀಟರಿನಲ್ಲೊಂದು ಪುಟ್ಟ ಕೆಂಪು ದೀಪ ಮಿಣುಕುತ್ತದಲ್ಲ, ಅವರ ಮೀಟರಿನಲ್ಲಿ ಅದು 3200 ಸಲ ಮಿಣುಕಿದರೆ ಒಂದು ಯೂನಿಟ್ಟು. ಮುಖದ ಮೇಲೇ ಬರೆದಿದೆ. ಎಲ್ಲ ಆರಿಸಿದ ಮೇಲೆ ಅದು ಸುಮ್ಮನಿರಬೇಕು. ಇರಲಿಲ್ಲ. ಕೈಗಡಿಯಾರ ನೋಡಿದರು: ಒಂದೂವರೆ ನಿಮಿಷಕ್ಕೊಂದು ಮಿಣುಕು. ಗುಣಿಸಿ ಭಾಗಿಸಿದಾಗ ಹನ್ನೆರಡೂವರೆ ವಾಟು ಬಂತು. ಹಗಲೂ ರಾತ್ರಿ ಹೀಗೇ ಹೋದರೆ ತಿಂಗಳಿಗೆ ಒಂಬತ್ತು ಯೂನಿಟ್ಟು!

ಒಂದೊಂದೇ ಪ್ಲಗ್ಗು ಕೀಳುತ್ತ ಹೋದರು. ಕಳ್ಳ ಸಿಕ್ಕಿದ್ದು ಟೀವಿಯ ಕೆಳಗೆ. ಸೆಟ್‌ಟಾಪ್ ಬಾಕ್ಸು. ಆ ಮನೆಯಲ್ಲಿ ಟೀವಿ ನೋಡುವವರು ಅವರೊಬ್ಬರೇ. ರಿಮೋಟಿನ ಕೆಂಪು ಗುಂಡಿ ಒತ್ತಿ ‘ಆಫ್ ಮಾಡಿದೆ’ ಎಂದು ಮಲಗುವವರೂ ಅವರೇ. ಡೈರಿಯಲ್ಲಿ ಆ ದಿನದ ಪುಟಕ್ಕೆ ಮಾತ್ರ ಷರಾ ಇಲ್ಲ.

ಇಷ್ಟರಲ್ಲೇ ನಿಂತಿದ್ದರೆ ಇದು ಎಲ್ಲ ಬೀದಿಯ ಕತೆ. ಆದರೆ 2023ರ ಆಗಸ್ಟಿನಿಂದ ಸರ್ಕಾರದ ಗೃಹಜ್ಯೋತಿ ಯೋಜನೆಯ ಸೊನ್ನೆ ಬಿಲ್ಲು ಬರತೊಡಗಿತು. ಇನ್ನೂರು ಯೂನಿಟ್ಟಿನವರೆಗೆ ಉಚಿತ ಎಂದು ಊರೆಲ್ಲ ಹಿಗ್ಗಿತು. ಸ್ವಿಚ್ಚಪ್ಪನವರು ಮಾತ್ರ ನಿಯಮ ಓದಿದರು, ಓದಿ ಕುಸಿದರು. ಇನ್ನೂರು ಎಲ್ಲರಿಗೂ ಅಲ್ಲ. 2022-23ರಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಉರಿಸಿದ್ದೀರೋ ಅಷ್ಟು, ಮೇಲೆ ನೂರಕ್ಕೆ ಹತ್ತು. ಉಸಿರು ಬಿಗಿಹಿಡಿದು ಬದುಕಿದ ಇವರ ಸರಾಸರಿ 70, ಸಿಕ್ಕಿದ್ದು 77. ಹಗಲಲ್ಲೂ ಟ್ಯೂಬ್‌ಲೈಟು ಹಾಕಿಕೊಂಡು, ಯಾರೂ ಇಲ್ಲದ ರೂಮಿಗೆ ಗಾಳಿ ಹಾಕುತ್ತಿದ್ದ ಮಹಡಿ ಮನೆಯವರ ಸರಾಸರಿ 180, ಅವರಿಗೆ 198.

ಜೀವಮಾನದ ಉಳಿತಾಯಕ್ಕೆ ಇಂಥ ಬಡ್ಡಿ! ಮಾತಾಡುವುದನ್ನೇ ಬಿಟ್ಟರು. ಸ್ವಿಚ್ಚಿನ ಮೇಲಿನ ಕೈ ಜಾರಿತು. ಬಚ್ಚಲುಮನೆ ದೀಪ ಇಡೀ ರಾತ್ರಿ ಉರಿದರೂ ಏಳಲಿಲ್ಲವೆಂದು ಅವರ ಹೆಂಡತಿ ಗಾಬರಿಯಾಗಿ ಡಾಕ್ಟರಿಗೆ ತೋರಿಸೋಣವೇ ಎಂದು ಮಗನನ್ನು ಕೇಳಿದರಂತೆ.

ಅವರನ್ನು ಎಬ್ಬಿಸಿ ಕೂರಿಸಿದ್ದು ಅದೇ ನಿಯಮದ ಮುಂದಿನ ಸಾಲು. ತನ್ನ ಪಾಲು ಮೀರಿದವನು ಮೀರಿದಷ್ಟಕ್ಕೇ ಕಟ್ಟಿದರಾಯಿತು. ಆದರೆ ಇನ್ನೂರು ದಾಟಿದವನು ಒಂದನೇ ಯೂನಿಟ್ಟಿನಿಂದ ಪೂರ್ತಿ ಕಟ್ಟಬೇಕು. 2025ರ ಏಪ್ರಿಲಿನಿಂದ ಜಾರಿಗೆ ಬಂದ ದರದಲ್ಲಿ, ಯೂನಿಟ್ಟಿಗೆ 5 ರೂಪಾಯಿ 80 ಪೈಸೆಯಂತೆ, 201ಕ್ಕೆ 1,165 ರೂಪಾಯಿ 80 ಪೈಸೆ. ನಿಗದಿತ ಶುಲ್ಕ, ತೆರಿಗೆ ಬೇರೆ. ಇವರು 92 ಉರಿಸಿದ ತಿಂಗಳು ದಂಡ ತೆತ್ತದ್ದು ಬರೀ 15 ಯೂನಿಟ್ಟಿಗೆ. ಹಳ್ಳದಲ್ಲಿರುವವನಿಗೆ ಬೀಳುವ ಭಯವಿಲ್ಲ. ಬಂಡೆಯ ತುದಿಯಲ್ಲಿ ನಿಂತವರು ಮಹಡಿಯವರು.

ಈಗ ಡೈರಿಯಲ್ಲಿ ಎರಡು ಕಾಲಂ. ಮೀಟರ್ ರೀಡಿಂಗಿನವರು ಬರಲು ನಾಲ್ಕು ದಿನ ಇದೆ ಎನ್ನುವಾಗ ಸ್ವಿಚ್ಚಪ್ಪನವರು ಮೆಟ್ಟಿಲ ಬುಡದಲ್ಲಿ ನಿಂತು ಮೇಲಕ್ಕೆ ಕೂಗುತ್ತಾರೆ: “ನೂರಾ ತೊಂಬತ್ನಾಕು!” ಮೇಲೆ ಓಡಾಟ ಶುರು. ಟಪ್, ಟಪ್, ಟಪ್. ಆ ಸದ್ದು ಕೇಳಿ ಇವರ ಮುಖ ಅರಳುತ್ತದೆ. ಒಂದೊಂದು ದಿನ ಕಾಫಿಗೆ ಸಕ್ಕರೆಯೂ ಬೇಡವಂತೆ.

ಕಳೆದ ತಿಂಗಳು ಮಹಡಿಯಾಕೆ ನೆನೆಸಿದ ಅಕ್ಕಿ-ಉದ್ದು ಹೊತ್ತು ಕೆಳಗಿಳಿದರು. “ಅಂಕಲ್, ನಿಮ್ಮ ಗ್ರೈಂಡರಲ್ಲಿ ಒಂದು ಒಬ್ಬೆ ರುಬ್ಬಿಕೊಳ್ಳಲೇ?” ಗ್ರೈಂಡರು 150 ವಾಟು, ನಲವತ್ತು ನಿಮಿಷ, ಅಕ್ಕಿ ಬೀಳುವ ಮೊದಲೇ ಲೆಕ್ಕ ಆಗಿತ್ತು. “ಧಾರಾಳವಾಗಿ ರುಬ್ಬಮ್ಮ. 58 ಪೈಸೆ. ದೋಸೆಯಾದಾಗ ಎರಡು ಕಳಿಸು, ಸರಿಹೋಗುತ್ತೆ.”

ಮರುದಿನ ಬೆಳಿಗ್ಗೆ ಆಕೆಯ ಮಗ ಹೆಗಲಿಗೆ ಟವೆಲ್ಲು ಹಾಕಿಕೊಂಡು ಬಾಗಿಲಿಗೆ ಬಂದ. “ತಾತ, ನಿಮ್ಮನೇಲಿ ಬಿಸಿನೀರು ಇದ್ಯಾ?”

ಸೊಸೆ ಅಡುಗೆಮನೆಯಿಂದ ಇಣುಕಿದರು. ಸ್ವಿಚ್ಚಪ್ಪನವರು ಹುಡುಗನನ್ನು ಅಡಿಯಿಂದ ಮುಡಿವರೆಗೆ ಅಳೆದರು.

“ಇದೆ. ಎಷ್ಟು ಬಕೆಟ್ಟು?”